ಬಾಡಿಗೆ ನಿಲ್ಲಿಸುವ ಮುನ್ನ

ಜೂನ್ ತಿಂಗಳ ಎರಡು ಜೋರು ಮಳೆ ಸಾಕು. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಮಲಗುವ ಕೋಣೆಯ ಮೂಲೆ ತೇವವಾಗಿ ಬಣ್ಣ ಉಬ್ಬುತ್ತದೆ, ಆಮೇಲೆ ಸಿಪ್ಪೆಯೇಳುತ್ತದೆ. ವಾರ ಕಳೆಯುವಷ್ಟರಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬಿರುತ್ತದೆ. ಬಾಡಿಗೆದಾರರು ಫೋನ್ ಮಾಡುತ್ತಾರೆ. ‘ಮಳೆ ನಿಲ್ಲಲಿ, ಮೇಸ್ತ್ರಿನ ಕಳಿಸ್ತೀನಿ’ ಎನ್ನುತ್ತಾರೆ ಓನರ್. ಮಳೆ ನಿಂತ ಮೇಲೆ ಕೇಳಿದರೆ ‘ಈಗ ಸೋರ್ತಾ ಇಲ್ವಲ್ಲಮ್ಮ’ ಎಂಬ ಉತ್ತರ. ಮುಂದಿನ ಮಳೆಗಾಲಕ್ಕೆ ಸಹನೆ ಮುಗಿದಿರುತ್ತದೆ. ‘ರಿಪೇರಿ ಮಾಡ್ಸೋ ತನಕ ಬಾಡಿಗೆ ಹಾಕಲ್ಲ ಅಂಕಲ್. ಬೇಕಾದ್ರೆ ಅಡ್ವಾನ್ಸಲ್ಲಿ ಮುರ್ಕೊಳ್ಳಿ.’

ಆ ಮಾತಿನ ಹಿಂದಿರುವ ಸಿಟ್ಟು ನ್ಯಾಯವಾದದ್ದು. ಪೂರ್ತಿ ಬಾಡಿಗೆ ಕೊಟ್ಟು ಅರ್ಧ ಮನೆಯಲ್ಲಿ ಬದುಕುವವರಿಗೆ ಕೈಯಲ್ಲಿರುವ ಒಂದೇ ಹಿಡಿತ ಆ ಹಣ ಎನಿಸುವುದು ಸಹಜ. ಆದರೆ ಬಾಡಿಗೆ ನಿಂತ ತಿಂಗಳಿಂದ ಜಗಳದ ವಿಷಯವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ತಪ್ಪು ಮಾಲೀಕರದು. ಅಲ್ಲಿಂದ ಮುಂದೆ ಲೆಕ್ಕಕ್ಕೆ ಬರುವುದು ಬಾಕಿ. ವಕೀಲರ ನೋಟಿಸಿನಲ್ಲಿ ಸೋರುವ ತಾರಸಿಯ ಸುದ್ದಿಯೇ ಇರುವುದಿಲ್ಲ, ಇಷ್ಟು ತಿಂಗಳ ಬಾಡಿಗೆ ಬಂದಿಲ್ಲ ಎಂಬುದಷ್ಟೇ ಇರುತ್ತದೆ. ಗೆಲ್ಲಬಹುದಾಗಿದ್ದ ಜಗಳವನ್ನು ಬಾಡಿಗೆದಾರರು ಹೀಗೆ ಕೈಯಾರೆ ಕಳೆದುಕೊಳ್ಳುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಮಾಲೀಕರೂ ಕಳೆದುಕೊಳ್ಳುತ್ತಾರೆ, ಬೇರೆ ರೀತಿಯಲ್ಲಿ. ಬಾಕಿ ಕೇಳಲು ಪೂರ್ತಿ ಹಕ್ಕಿದ್ದವರು ನೀರಿನ ವಾಲ್ವ್ ತಿರುಗಿಸಿ, ಫ್ಯೂಸ್ ಕಿತ್ತು, ಬೀಗ ಬದಲಿಸಿ ತಾವೇ ಆರೋಪಿಯ ಸ್ಥಾನಕ್ಕೆ ಬಂದು ನಿಲ್ಲುತ್ತಾರೆ.

ಕರ್ನಾಟಕದಲ್ಲಿ ಈ ಜಗಳಗಳನ್ನು ಯಾವ ಕಾನೂನಿನ ಅಡಿಯಲ್ಲಿ ನೋಡಬೇಕು, ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿದ್ದರೆ ಬಹುಪಾಲು ಜಗಳ ಕೋರ್ಟಿನ ಮೆಟ್ಟಿಲಿಗೆ ಹೋಗುವುದೇ ಇಲ್ಲ.

ಯಾವ ಕಾಯ್ದೆ?

‘ರೆಂಟ್ ಕಂಟ್ರೋಲ್ ಇದೆಯಲ್ಲ’ ಎಂದು ಈಗಲೂ ಬಹಳ ಮಂದಿ ನಂಬಿದ್ದಾರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲ ಮುಗಿದು ಎರಡು ದಶಕ ದಾಟಿದೆ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಅದರಲ್ಲಿ ಬಾಡಿಗೆದಾರರಿಗೆ ಒಳ್ಳೆಯ ರಕ್ಷಣೆಗಳಿವೆ. ಬಾಕಿಯ ಕಾರಣಕ್ಕೆ ಮನೆ ಬಿಡಿಸಬೇಕಾದರೂ ಮೊದಲು ನೋಟಿಸ್ ಕೊಟ್ಟು, ತೀರಿಸಲು ಎರಡು ತಿಂಗಳು ಬಿಡಬೇಕು. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಆ ಕಾಯ್ದೆ ತನ್ನ 2ನೇ ಸೆಕ್ಷನ್ನಿನಲ್ಲೇ ಹೊರಗಿಟ್ಟಿದೆ. ಇವತ್ತು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಮನೆ ಎಲ್ಲಿದೆ? ಹಳೆಯ ವಠಾರಗಳ ಹಳೆಯ ಬಾಡಿಗೆದಾರರನ್ನು ಬಿಟ್ಟರೆ ಊರಿಗೆ ಊರೇ ಈ ಕಾಯ್ದೆಯ ಹೊರಗೆ ಬದುಕುತ್ತಿದೆ.

ಹೊರಗಿರುವವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ವಕೀಲರು ‘ಟಿ.ಪಿ. ಆಕ್ಟ್’ ಎನ್ನುವುದು ಇದನ್ನೇ. ಅದರ 106ನೇ ಸೆಕ್ಷನ್ನಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಎರಡು ಕಡೆಯವರಲ್ಲಿ ಯಾರು ಬೇಕಾದರೂ 15 ದಿನಗಳ ನೋಟಿಸ್ ಕೊಟ್ಟು ಮುಗಿಸಬಹುದು. ಕಾರಣ ಹೇಳಬೇಕೆಂದೇನೂ ಇಲ್ಲ. ಬೆಂಗಳೂರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ತಿಂಗಳ ನೋಟಿಸ್ ಎಂದು ಬರೆದಿರುತ್ತದೆ, ಆಗ ಅದೇ ಲೆಕ್ಕ. ಹನ್ನೊಂದು ತಿಂಗಳ ಕರಾರು ಯಾಕೆಂದರೆ, ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಹೊಸ ಕರಾರಿಲ್ಲದೆಯೂ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆಯೇ.

ಹಾಗಾಗಿ ನಮ್ಮ ಹೆಚ್ಚಿನ ಬಾಡಿಗೆ ಮನೆಗಳ ಹಣೆಬರಹ ನಿಂತಿರುವುದು ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಹೆಸರು, ಮೊತ್ತ ಬದಲಿಸಿ ತೆಗೆದ ಎರಡು ಮೂರು ಹಾಳೆಗಳ ಮೇಲೆ. ಅದನ್ನು ಓದದೆ ಸಹಿ ಹಾಕುವುದು ನಮ್ಮ ರೂಢಿ. ಮನೆ ಸಿಕ್ಕಿತಲ್ಲ ಎಂಬ ನೆಮ್ಮದಿಯಲ್ಲಿ ಬಾಡಿಗೆದಾರರು ಓದುವುದಿಲ್ಲ, ಅಡ್ವಾನ್ಸ್ ಬಂತಲ್ಲ ಎಂಬ ನೆಮ್ಮದಿಯಲ್ಲಿ ಓನರ್ ಓದುವುದಿಲ್ಲ.

ರಿಪೇರಿ ಯಾರ ಹೊಣೆ?

ಮನೆ ಅವರದು, ರಿಪೇರಿಯೂ ಅವರದೇ ಎಂಬುದು ಎಲ್ಲರ ಎಣಿಕೆ. ಕಾನೂನು ಅಷ್ಟು ಸರಳವಾಗಿ ಹೇಳುವುದಿಲ್ಲ. ಟಿ.ಪಿ. ಆಕ್ಟಿನ 108ನೇ ಸೆಕ್ಷನ್ ಮಾಲೀಕರ, ಬಾಡಿಗೆದಾರರ ಹಕ್ಕು ಬಾಧ್ಯತೆಗಳನ್ನು ಪಟ್ಟಿ ಮಾಡುತ್ತದೆ. ಮನೆಯನ್ನು ಸದಾ ಸುಸ್ಥಿತಿಯಲ್ಲಿ ಇಡಲೇಬೇಕು ಎಂಬ ಸಾಮಾನ್ಯ ಹೊಣೆಯನ್ನು ಮಾಲೀಕರ ಮೇಲೆ ಅದು ಹೊರಿಸಿಲ್ಲ. ಅದರ (ಎಫ್) ಉಪಖಂಡ ಹೇಳುವುದು ಇಷ್ಟು: ಮಾಲೀಕರು ಮಾಡಿಸಲು ಬದ್ಧರಾಗಿರುವ ರಿಪೇರಿಯನ್ನು, ತಿಳಿಸಿದ ಮೇಲೂ ನ್ಯಾಯವಾದ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಬದ್ಧರಾಗಿರುವ’ ರಿಪೇರಿ ಯಾವುದು? ಅದನ್ನು ಹೇಳಬೇಕಾದದ್ದು ಕರಾರು. ಕರಾರು ಸುಮ್ಮನಿದ್ದರೆ ಸ್ಥಳೀಯ ರೂಢಿಯನ್ನೂ ಮುಂದಿಡಬಹುದು. ಆ ಸೆಕ್ಷನ್ನಿನ ಮೊದಲ ಸಾಲೇ ಕರಾರಿಗೆ, ರೂಢಿಗೆ ಜಾಗ ಕೊಟ್ಟಿದೆ. ತಾರಸಿ, ಗೋಡೆ, ಒಳಗಿನ ಪೈಪು, ವೈರಿಂಗು ಓನರದು, ನಲ್ಲಿ, ಬಲ್ಬು, ಫ್ಲಶ್ಶಿನಂಥ ಸಣ್ಣಪುಟ್ಟದ್ದು ಇರುವವರದು ಎಂಬುದು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಜನ ನಡೆಸಿಕೊಂಡು ಬಂದ ಪದ್ಧತಿ. ಆದರೆ ಕೋರ್ಟಿನಲ್ಲಿ ರೂಢಿಯನ್ನು ಸಾಕ್ಷಿ ಹಾಕಿ ಸಾಬೀತು ಮಾಡಬೇಕು. ಕರಾರಿನ ಒಂದು ಸಾಲನ್ನು ತೋರಿಸಿದರೆ ಸಾಕು.

ಇದೇ ಸೆಕ್ಷನ್ನಿನ (ಎ) ಉಪಖಂಡದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಮಾತಾಡಬೇಕು. ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಗಂಭೀರ ದೋಷವನ್ನು ಮಾಲೀಕರು ಮೊದಲೇ ಹೇಳಬೇಕು ಎನ್ನುತ್ತದೆ ಅದು. ಫೆಬ್ರುವರಿಯಲ್ಲಿ ಹೊಸದಾಗಿ ಬಣ್ಣ ಹೊಡೆದ ಗೋಡೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದೇ ಗೋಡೆ ಹೋದ ವರ್ಷ ನೀರು ಕುಡಿದಿತ್ತು ಎಂಬುದು ಓನರ್‌ಗೆ ಗೊತ್ತು, ಹಿಂದಿನ ಬಾಡಿಗೆದಾರರಿಗೆ ಗೊತ್ತು, ಅಕ್ಕಪಕ್ಕದವರಿಗೂ ಗೊತ್ತು. ಗೊತ್ತಿಲ್ಲದಿರುವುದು ಅಡ್ವಾನ್ಸ್ ಕೊಡುತ್ತಿರುವವರಿಗೆ ಮಾತ್ರ. ಇದು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲೇ ಅತಿ ನೋವಿನ ಅನ್ಯಾಯ. ಮನೆ ನೋಡಲು ಹೋದಾಗ ಪಕ್ಕದ ಮನೆಯವರನ್ನು, ಸಾಧ್ಯವಾದರೆ ಬಿಟ್ಟು ಹೋಗುತ್ತಿರುವವರನ್ನು ಮಳೆಗಾಲದ ಬಗ್ಗೆ, ಬೇಸಿಗೆಯ ನೀರಿನ ಬಗ್ಗೆ ಕೇಳಿ. ಓನರ್‌ಗೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿ: ‘ಮನೆಯಲ್ಲಿ ಸೋರಿಕೆ ಏನಾದರೂ ಇತ್ತಾ?’ ಅವರ ಉತ್ತರ ಮುಂದೊಂದು ದಿನ ಬೇಕಾಗಬಹುದು.

ಈಗ ಮುರಿದುಕೊಳ್ಳುವ ವಿಷಯ. ಬಾಡಿಗೆ 18,000 ರೂಪಾಯಿ, ಸ್ನಾನದ ಮನೆಯ ಗೋಡೆಯೊಳಗೆ ಪೈಪು ಒಡೆದಿದೆ, ರಿಪೇರಿಗೆ 7,200 ರೂಪಾಯಿ ಎಂದಿಟ್ಟುಕೊಳ್ಳಿ. ಕರಾರಿನಲ್ಲಿ ಒಳಗಿನ ಪೈಪಿನ ಕೆಲಸ ಓನರದು ಎಂದಿದೆ. ಆಗ ಮಾಡಬೇಕಾದದ್ದು 18,000 ತಡೆಹಿಡಿಯುವುದನ್ನಲ್ಲ. ಮೊದಲು ಫೋಟೊ, ವಿಡಿಯೊ ತೆಗೆದು ಬರಹದಲ್ಲಿ ತಿಳಿಸಿ. ಭಾಷೆ ಮೃದುವಾಗಿದ್ದರೂ ತಾರೀಖು ಖಚಿತವಾಗಿರಲಿ. ‘ಸಾರ್, ಜೂನ್ 8ರಿಂದ ಸ್ನಾನದ ಮನೆಯ ಗೋಡೆಯಲ್ಲಿ ನೀರು ಜಿನುಗುತ್ತಿದೆ. ಫೋಟೊ ಕಳಿಸಿದ್ದೇನೆ. ದಯವಿಟ್ಟು ಜೂನ್ 23ರೊಳಗೆ ಪ್ಲಂಬರ್ ಕಳಿಸಿ. ಆಗದಿದ್ದರೆ ಕರಾರಿನ ಪ್ರಕಾರ ನಾವೇ ಮಾಡಿಸಿ ಬಿಲ್ಲಿನ ಮೊತ್ತವನ್ನು ಜುಲೈ ಬಾಡಿಗೆಯಲ್ಲಿ ಹಿಡಿಯುತ್ತೇವೆ.’ ಇಷ್ಟು ಸಾಕು. ಗಡುವು ಮುಗಿದರೂ ಯಾರೂ ಬಾರದಿದ್ದರೆ ಇಬ್ಬರು ಪ್ಲಂಬರ್‌ಗಳಿಂದ ಅಂದಾಜು ತರಿಸಿ, ಎರಡನ್ನೂ ಓನರ್‌ಗೆ ಕಳಿಸಿ, ಕಡಿಮೆಯ ಕಡೆ ಮಾಡಿಸಿ, ಬಿಲ್ ಕಳಿಸಿ. ಜುಲೈನಲ್ಲಿ ಉಳಿದ 10,800 ರೂಪಾಯಿಯನ್ನು ಮಾಮೂಲು ತಾರೀಖಿಗೇ, ಬ್ಯಾಂಕ್ ಮೂಲಕ, ಲೆಕ್ಕ ಬರೆದು ಹಾಕಿ. ಹೀಗೆ ನಡೆದುಕೊಂಡವರನ್ನು ಬಾಕಿದಾರರು ಎನ್ನುವುದು ಕಷ್ಟ. ಅದೇ 18,000ವನ್ನೂ ನಿಲ್ಲಿಸಿದವರ ಪರ ವಾದಿಸುವುದು ಎಂಥ ವಕೀಲರಿಗೂ ಕಷ್ಟ.

ಕರಾರಿನಲ್ಲಿ ರಿಪೇರಿಯ ಮಾತೇ ಇಲ್ಲದಿದ್ದರೆ? ಆಗ ತಾವಾಗಿ ಮುರಿದುಕೊಳ್ಳುವುದು ಅಪಾಯ. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ‘ಮಾಡಿಸ್ಕೊಳ್ಳಿ, ಬಾಡಿಗೇಲಿ ಹಿಡ್ಕೊಳ್ಳಿ’ ಎಂದು ಓನರ್ ಫೋನಿನಲ್ಲಿ ಹೇಳಿದರೆ, ಅದೇ ಮಾತನ್ನು ‘ಈಗ ಫೋನಿನಲ್ಲಿ ಹೇಳಿದ ಹಾಗೆ’ ಎಂದು ಆರಂಭಿಸಿ ಮೆಸೇಜಿನಲ್ಲಿ ಹಾಕಿಬಿಡಿ. ಒಪ್ಪದಿದ್ದರೆ ಮಾತುಕತೆ, ಇಲ್ಲವೇ ನೋಟಿಸ್ ಕೊಟ್ಟು ಬಿಡುವುದು. ಕಹಿಯಾದರೂ ಸತ್ಯ ಇದು.

ಪ್ರವಾಹದ ಮಾತನ್ನೂ ಇಲ್ಲೇ ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮನೆಗಳೊಳಗೆ ನೀರು ನುಗ್ಗಿದಾಗ ‘ಇನ್ನು ಬಾಡಿಗೆ ಕೊಡಬೇಕಾ’ ಎಂಬ ಪ್ರಶ್ನೆ ಎದ್ದದ್ದು ಸಹಜವೇ. 108(ಇ) ಪ್ರಕಾರ ಬೆಂಕಿ, ಬಿರುಗಾಳಿ, ನೆರೆಯಿಂದ ಮನೆಯ ಮುಖ್ಯ ಭಾಗ ನಾಶವಾದರೆ ಅಥವಾ ಶಾಶ್ವತವಾಗಿ ವಾಸಕ್ಕೆ ಯೋಗ್ಯವಲ್ಲದಂತಾದರೆ, ಬಾಡಿಗೆದಾರರು ಬಯಸಿದರೆ ಬಾಡಿಗೆ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ನಾಲ್ಕು ದಿನ ನಿಂತು ಇಳಿದ ನೀರಿಗೆ ಈ ನಿಯಮ ಸಾಲದು. ಆ ನಾಲ್ಕು ದಿನದ ಬಾಡಿಗೆ ಬಿಡಿ ಎಂದು ಕೇಳುವುದು ಮನುಷ್ಯತ್ವದ ಮಾತು, ಒಳ್ಳೆಯ ಓನರ್‌ಗಳು ಬಿಡುತ್ತಾರೆ ಕೂಡ.

ಭೋಗ್ಯಕ್ಕಿರುವವರ ಪಾಡು ಇನ್ನೊಂದು ಬಗೆ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟಿರುತ್ತಾರೆ, ತಿಂಗಳ ಬಾಡಿಗೆ ಇಲ್ಲ, ಆದ್ದರಿಂದ ಮುರಿದುಕೊಳ್ಳಲು ಏನೂ ಇಲ್ಲ. ಅದು ಕಾನೂನಿನ ಅರ್ಥದಲ್ಲಿ ಸ್ವಾಧೀನ ಸಹಿತವಾದ ಅಡಮಾನವಾಗಿದ್ದರೆ ಪತ್ರ ನೋಂದಣಿಯಾಗಿರಲೇಬೇಕು, ಕರಾರಿನಲ್ಲಿ ಬೇರೆ ಹೇಳದಿದ್ದರೆ ಅಗತ್ಯ ರಿಪೇರಿಯ ಹೊಣೆ ಸ್ವಾಧೀನದಲ್ಲಿರುವವರ ಕಡೆಗೇ ವಾಲುತ್ತದೆ. ಬರಿಯ ಸ್ಟಾಂಪ್ ಪೇಪರಿನ ಮೇಲೆ ಎಂಟು ಹತ್ತು ಲಕ್ಷ ಕೊಟ್ಟು ಕೂರುವ ಮುನ್ನ ವಕೀಲರೊಬ್ಬರಿಗೆ ಪತ್ರ ತೋರಿಸುವ ಖರ್ಚು ದೊಡ್ಡದಲ್ಲ.

ಬಾಕಿ ಬಂದಾಗ ಮಾಲೀಕರು

ಓನರ್ ಎಂದ ಕೂಡಲೇ ಶ್ರೀಮಂತರ ಚಿತ್ರ ಬರುತ್ತದೆ. ನಮ್ಮ ಬಡಾವಣೆಗಳ ಓನರ್‌ಗಳಲ್ಲಿ ಎಷ್ಟೋ ಮಂದಿ ಕೆಳಗೆ ತಾವಿದ್ದು, ಮೇಲಿನ ಎರಡು ಪುಟ್ಟ ಮನೆಗಳ ಬಾಡಿಗೆಯಲ್ಲೇ ಔಷಧಿ, ದಿನಸಿ ನಡೆಸುವ ಹಿರಿಯರು. ಮೇಲ್ಮಹಡಿ ಕಟ್ಟಲು ತೆಗೆದ ಸಾಲದ ಕಂತು ಬಾಡಿಗೆಯಿಂದಲೇ ಹೋಗುತ್ತಿರುತ್ತದೆ. ಎರಡು ತಿಂಗಳು ಹಣ ಬಾರದಿದ್ದರೆ ಅವರ ಮನೆಯ ಲೆಕ್ಕವೇ ತಲೆಕೆಳಗು. ‘ಅಡ್ವಾನ್ಸ್ ಇದೆಯಲ್ಲ’ ಎನ್ನುವುದು ಸರಿಯಲ್ಲ. ಅಡ್ವಾನ್ಸ್ ಮನೆ ಬಿಡುವ ದಿನದ ಭದ್ರತೆ, ಅದರಲ್ಲಿ ಬಾಡಿಗೆ ಹಿಡಿಯಿರಿ ಎಂದು ಒಂದೇ ಕಡೆಯವರು ತೀರ್ಮಾನಿಸಲು ಬರುವುದಿಲ್ಲ.

ಬಾಕಿ ಬಿದ್ದಾಗ ಓನರ್ ಮಾಡಬೇಕಾದದ್ದು ಬೇಗ ಬರಹಕ್ಕೆ ಇಳಿಯುವುದು. ನಾಲ್ಕೈದು ತಿಂಗಳು ಮುಜುಗರಕ್ಕೆ ಸುಮ್ಮನಿದ್ದು, ಆಮೇಲೆ ಒಂದು ದಿನ ಸ್ಫೋಟಿಸುವುದೇ ಹೆಚ್ಚು. ಮೊದಲ ತಿಂಗಳೇ ಮೆಸೇಜು, ಎರಡನೇ ತಿಂಗಳು ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಪತ್ರ, ಆಮೇಲೆ ವಕೀಲರ ಮೂಲಕ ಬಾಡಿಗೆ ಸಂಬಂಧ ಕೊನೆಗೊಳಿಸುವ ನೋಟಿಸ್, ಅದಕ್ಕೂ ಬಗ್ಗದಿದ್ದರೆ ತೆರವಿಗೂ ಬಾಕಿಗೂ ದಾವೆ. ಭಾಗಶಃ ಹಣ ಬಂದರೆ ‘ಇಂಥ ತಿಂಗಳ ಬಾಕಿಯ ಲೆಕ್ಕಕ್ಕೆ’ ಎಂದು ರಸೀತಿ ಕೊಡಿ. ಬಾಕಿ ಬಾಡಿಗೆಯ ದಾವೆಗೆ ಕಾಲಮಿತಿ ಮೂರು ವರ್ಷ. ಬಾಡಿಗೆದಾರರು ಸೋರಿಕೆಯ ಬಗ್ಗೆ ಬರೆದಿದ್ದರೆ ಅದನ್ನು ಮೊದಲು ಸರಿಪಡಿಸಿ, ಬಿಲ್ಲುಗಳನ್ನು ಇಟ್ಟುಕೊಂಡು ಆಮೇಲೆ ಬಾಕಿ ಕೇಳಿ. ಎದುರಿನವರ ಏಕೈಕ ಸಮರ್ಥನೆ ಅಲ್ಲಿಗೆ ಬಿದ್ದುಹೋಗುತ್ತದೆ.

ಬಾಡಿಗೆದಾರರಿಗೂ ಒಂದು ಎಚ್ಚರಿಕೆ. ಬಾಕಿಯ ಕಾರಣಕ್ಕೆ ಗುತ್ತಿಗೆ ರದ್ದಾಗಿ ದಾವೆ ಬಂದಾಗ, ಬಾಕಿ, ಬಡ್ಡಿ, ಕೋರ್ಟ್ ಖರ್ಚು ಕಟ್ಟಿಬಿಟ್ಟರೆ 114ನೇ ಸೆಕ್ಷನ್ನಿನಡಿ ನ್ಯಾಯಾಲಯ ಕರುಣೆ ತೋರಬಹುದು. ಆದರೆ ಹನ್ನೊಂದು ತಿಂಗಳು ಮುಗಿದು ತಿಂಗಳ ಲೆಕ್ಕದಲ್ಲಿರುವವರಿಗೆ 15 ದಿನದ ನೋಟಿಸ್ ಬಂದಿದ್ದರೆ ಆ ಸೆಕ್ಷನ್ ಕಾಪಾಡುವುದಿಲ್ಲ. ಸಂಬಂಧ ಮುಗಿದ ಮೇಲೂ ಉಳಿದುಕೊಂಡ ಅವಧಿಗೆ ನಷ್ಟ ತುಂಬಿಕೊಡಿ ಎಂಬ ಆದೇಶವೂ ಬರಬಹುದು, ಅದು ಹಳೆಯ ಬಾಡಿಗೆಗಿಂತ ಹೆಚ್ಚೂ ಇರಬಹುದು.

ಓನರ್ ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ‘ಅವರೇ ಬೇಡ ಅಂದ್ರು’ ಎಂದು ಸುಮ್ಮನಾಗಬೇಡಿ. ಹೊತ್ತಿಗೆ ಸರಿಯಾಗಿ ಖಾತೆಗೆ ಹಾಕಿ, ಹಿಂದಿರುಗಿಸಿದರೆ ಅದರ ದಾಖಲೆ ಇಟ್ಟುಕೊಳ್ಳಿ, ಕೊಡಲು ಸಿದ್ಧ ಎಂದು ಬರೆದು ತಿಳಿಸಿ, ಆ ಹಣವನ್ನು ಮುಟ್ಟದೆ ಬೇರೆಯಾಗಿ ಇಡಿ.

ನೀರು, ಕರೆಂಟು, ಬೀಗ

ಮಾಲೀಕರ ಕೋಪ ಹೆಚ್ಚಾಗಿ ಹೊರಬರುವುದು ಈ ಮೂರರ ಮೂಲಕ. ಸಂಪು, ಮೋಟರು, ತಾರಸಿಯ ಟ್ಯಾಂಕು, ಕೆಲವೆಡೆ ಮೀಟರೂ ಎರಡು ಮನೆಗೆ ಒಂದೇ ಆಗಿರುವುದರಿಂದ ಇದು ಸುಲಭ ಕೂಡ. ಮನೆ ತನ್ನದೇ ಆದರೂ, ಒಳಗೆ ವಾಸವಿರುವವರನ್ನು ನ್ಯಾಯಾಲಯದ ಮೂಲಕವಲ್ಲದೆ ಹೊರಹಾಕುವಂತಿಲ್ಲ. ಬೀಗ ಹಾಕಿ ಹೊರದೂಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ಯಾರದೆಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ವಿದ್ಯುತ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಪೊಲೀಸ್ ಠಾಣೆಗೆ ಹೋದರೆ ‘ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎನ್ನುವುದುಂಟು. ಬಾಕಿ ಎಷ್ಟು, ರಿಪೇರಿ ಯಾರದು ಎಂಬುದು ನಿಜಕ್ಕೂ ಸಿವಿಲ್ ವಿಷಯ, ಅದನ್ನು ಠಾಣೆಯಲ್ಲಿ ಬಗೆಹರಿಸಲು ಎರಡು ಕಡೆಯವರೂ ಹೋಗಬಾರದು. ಆದರೆ ಸಾಮಾನು ಒಳಗಿರುವಂತೆಯೇ ಬೀಗ ಜಡಿದರೆ, ಬೆದರಿಸಿದರೆ, ಒಳನುಗ್ಗಿದರೆ ಅದು ಅಪರಾಧದ ದೂರು. 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ನೀರಿನ ತಂಟೆ ಎಲ್ಲ ಸಲವೂ ದ್ವೇಷದ್ದಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಇಡೀ ಊರು ಟ್ಯಾಂಕರಿಗೆ ಕಾದಾಗ, ಟ್ಯಾಂಕರ್ ಹಣ ಯಾರದು ಎಂಬ ಜಗಳ ಬೀದಿಬೀದಿಯಲ್ಲೂ ಇತ್ತು. ‘ನೀರಿನ ಚಾರ್ಜು 300’ ಎಂದು ಕರಾರಿನಲ್ಲಿದ್ದರೆ ಅದರಲ್ಲಿ ಟ್ಯಾಂಕರ್ ಸೇರಿದೆಯೇ? ಸಹಿ ಹಾಕುವಾಗಲೇ ಬರೆದುಕೊಳ್ಳಬೇಕಾದ ಸಾಲು ಅದು. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಗೂ ಇದೇ ಮಾತು. ಬಾಡಿಗೆದಾರರೂ ಆ ಯೋಜನೆಗೆ ಅರ್ಹರು, ಆದರೆ ಪ್ರತ್ಯೇಕ ಮೀಟರ್ ಇಲ್ಲದ, ಕರಾರೇ ಇಲ್ಲದ ಮನೆಗಳಲ್ಲಿ ಆ ಲಾಭ ಯಾರ ಪಾಲು ಎಂಬ ಮುನಿಸು ಹುಟ್ಟುತ್ತದೆ.

ಕದ ತಟ್ಟುವ ಮೊದಲು

‘ನಮ್ಮ ಮನೆಗೆ ನಾವು ಬರೋಕೆ ಕೇಳ್ಬೇಕಾ?’ ಎಂದು ಕೇಳುವ ಹಿರಿಯರಿದ್ದಾರೆ. ಕೇಳಬೇಕು. ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವರು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು ಎಂಬುದು 108(ಸಿ). ಮಾಲೀಕರು ಅಥವಾ ಅವರ ಕಡೆಯವರು ಯೋಗ್ಯ ಹೊತ್ತಿನಲ್ಲಿ ಬಂದು ಮನೆಯ ಸ್ಥಿತಿ ನೋಡಲು, ಲೋಪವಿದ್ದರೆ ತಿಳಿಸಲು ಬಾಡಿಗೆದಾರರು ಅವಕಾಶ ಕೊಡಬೇಕು ಎಂಬುದು 108(ಎಂ). ಲೋಪ ಬಾಡಿಗೆದಾರರಿಂದಲೇ ಆಗಿದ್ದರೆ ತಿಳಿಸಿದ ಮೂರು ತಿಂಗಳೊಳಗೆ ಅವರು ಸರಿಪಡಿಸಬೇಕು. ಈ ಎರಡು ಮಾತುಗಳ ನಡುವೆಯೇ ಎಲ್ಲ ಜಗಳ ಇರುವುದು.

ಒಂಟಿಯಾಗಿ ಅಥವಾ ಗೆಳತಿಯರೊಂದಿಗೆ ಮನೆ ಮಾಡಿಕೊಂಡಿರುವ ಹೆಣ್ಣುಮಕ್ಕಳಿಗೆ ಇದು ಬರಿಯ ಕಾನೂನಿನ ಮಾತಲ್ಲ. ಕೆಲಸದಿಂದ ಬಂದು ನೋಡಿದರೆ ವಸ್ತುಗಳು ಸ್ಥಳ ಬದಲಿಸಿವೆ, ಕೇಳಿದರೆ ‘ನಲ್ಲಿ ನೋಡೋಕೆ ಬಂದಿದ್ದೆ’ ಎನ್ನುತ್ತಾರೆ. ಇನ್ನೊಂದು ಕೀಲಿ ಕೈಯಲ್ಲಿದೆ ಎಂಬ ಮಾತ್ರಕ್ಕೆ ಒಳಗೆ ಕಾಲಿಡುವ ಹಕ್ಕು ಬರುವುದಿಲ್ಲ. ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶದಿಂದ ಹಾಗೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ನಿನ ಅತಿಕ್ರಮ ಪ್ರವೇಶದ ಪ್ರಶ್ನೆ ಏಳುತ್ತದೆ. ಇರುವವರು ಮನೆಯಲ್ಲಿಲ್ಲದಾಗ ಪೈಪು ಒಡೆದು ಕೆಳಮನೆಗೆ ನೀರು ಸುರಿಯುತ್ತಿದ್ದರೆ ಬೇರೆ ಮಾತು. ಆಗಲೂ ಫೋನ್ ಮಾಡಿ, ನೆರೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗುವುದು ಇಬ್ಬರಿಗೂ ಕ್ಷೇಮ.

ಬಾಡಿಗೆದಾರರ ಕಡೆಯ ತಪ್ಪೂ ಉಂಟು. ಸೋರುತ್ತಿದೆ ಎಂದು ದೂರಿ, ಪ್ಲಂಬರ್ ಬಂದಾಗ ಕದ ತೆರೆಯದಿದ್ದರೆ ಆ ದೂರಿಗೆ ಬೆಲೆಯಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಶನಿವಾರ ಬೆಳಿಗ್ಗೆ ಎಂದು ನೀವೇ ಹೊತ್ತು ಸೂಚಿಸಿ. ಇನ್ನು, 108(ಎಂ) ಮಾತಾಡುವುದು ಸ್ಥಿತಿ ಪರಿಶೀಲನೆಯ ಬಗ್ಗೆ ಮಾತ್ರ. ರಿಪೇರಿಗೆ ಕೆಲಸದವರನ್ನು ಕರೆತರುವುದು, ಟ್ಯಾಂಕಿಗೆ ನಿಮ್ಮ ಮನೆಯೊಳಗಿಂದಲೇ ದಾರಿಯಿದ್ದರೆ ಹೋಗಿಬರುವುದು, ಬಿಡುವ ತಿಂಗಳಲ್ಲಿ ಹೊಸಬರಿಗೆ ಮನೆ ತೋರಿಸುವುದು ಇವೆಲ್ಲವನ್ನೂ ಕರಾರಿನಲ್ಲಿ ಬರೆದುಕೊಳ್ಳಬೇಕು. ಮನೆ ತೋರಿಸುವುದಕ್ಕೆ ವಾರಕ್ಕೆ ಎರಡು ದಿನ, ಸಂಜೆ ಐದರಿಂದ ಏಳು ಎಂದು ಗೊತ್ತುಮಾಡಿಕೊಂಡ ಮನೆಗಳಲ್ಲಿ ಕೊನೆಯ ತಿಂಗಳು ಶಾಂತವಾಗಿ ಕಳೆಯುತ್ತದೆ.

ಬರೆಯುವಾಗ ಮಾದರಿ ಬೇಕೆಂದರೆ ಒಂದು ಇದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಒಳಬರಲು 24 ಗಂಟೆ ಮೊದಲು ತಿಳಿಸಬೇಕು, ಸೂರ್ಯೋದಯಕ್ಕೆ ಮುನ್ನ, ಸೂರ್ಯಾಸ್ತದ ನಂತರ ಬರಬಾರದು ಎನ್ನುತ್ತದೆ ಅದು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು, ವೈರಿಂಗು ಮಾಲೀಕರಿಗೆ, ನಲ್ಲಿ, ಚರಂಡಿ ಶುಚಿ, ಗೀಸರ್, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಬಾಡಿಗೆದಾರರಿಗೆ ಎಂದು ಹಂಚಿದೆ. ಮಾಲೀಕರು ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧ ಮೀರದಂತೆ ಮುರಿದುಕೊಳ್ಳಬಹುದು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳಿನಷ್ಟು ಮಾತ್ರ. ಅವಧಿ ಮೀರಿ ಕೂತವರಿಗೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಎರಡು ಕಡೆಗೂ ನ್ಯಾಯವಿರುವ ಬರಹ ಇದು. ಆದರೆ ರಾಜ್ಯವೊಂದು ತನ್ನ ಶಾಸನವಾಗಿ ಮಾಡಿಕೊಂಡರೆ ಮಾತ್ರ ಜಾರಿ. ಉತ್ತರ ಪ್ರದೇಶ, ಅಸ್ಸಾಂ ಆ ದಾರಿ ಹಿಡಿದಿವೆ. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ ತನ್ನದೇ ಕಾಯ್ದೆ ಮಾಡಿ 2019ರಿಂದ ನಡೆಸುತ್ತಿದೆ. ಲಕ್ಷಾಂತರ ಜನ ಬಾಡಿಗೆಗಿರುವ ಬೆಂಗಳೂರನ್ನು 3,500 ರೂಪಾಯಿಯ ಮಿತಿಯ ಹೊರಗೆ ಬಿಟ್ಟು ಕೂತಿರುವುದು ನಮ್ಮ ಸರ್ಕಾರಗಳ ದೊಡ್ಡ ಉದಾಸೀನ. ಒಂದು ಪೈಪಿನ ಜಗಳಕ್ಕೆ ಸಿವಿಲ್ ದಾವೆಯೇ ಗತಿ ಎಂಬ ಸ್ಥಿತಿ ಬದಲಾಗಬೇಕು. ಬೇಗ ಕೇಳಿ ಬೇಗ ತೀರ್ಮಾನಿಸುವ ಬಾಡಿಗೆ ಪ್ರಾಧಿಕಾರ ಇಲ್ಲಿಗೂ ಬೇಕು. ಅದು ಬರುವವರೆಗೆ ಮಾದರಿ ಕಾಯ್ದೆಯ ಹಂಚಿಕೆಯನ್ನು ನಮ್ಮ ಕರಾರುಗಳಿಗೆ ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಡ್ವಾನ್ಸ್ ಮತ್ತು ರಾಜಿ

ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ಪದ್ಧತಿ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಇಷ್ಟು ದೊಡ್ಡ ಮೊತ್ತ ಓನರ್ ಕೈಯಲ್ಲಿರುವುದೇ ಕೊನೆಯ ತಿಂಗಳುಗಳಲ್ಲಿ ಬಾಡಿಗೆ ನಿಲ್ಲಿಸಲು ಪ್ರೇರಣೆ. ವಾಪಸ್ ಬರುತ್ತದೋ ಇಲ್ಲವೋ ಎಂಬ ಭಯ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಕರಾರಿನಲ್ಲಿದ್ದರೆ ಒಪ್ಪಿದಂತೆಯೇ. ಅದರಾಚೆಗೆ ‘ಗೋಡೆ ಕೊಳೆ, ಟೈಲ್ಸ್ ಹಳೇದು’ ಎಂದು ಹಿಡಿಯುವಂತಿಲ್ಲ. ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು ಅದೇ 108(ಎಂ) ಹೇಳುತ್ತದೆ. ಮನೆಗೆ ಬಂದ ದಿನ ಪ್ರತಿ ಕೋಣೆಯ ವಿಡಿಯೊ ತೆಗೆದು ಓನರ್‌ಗೆ ಕಳಿಸಿದವರು ಇಲ್ಲಿ ನಿಶ್ಚಿಂತರು. ಬಿಡುವ ದಿನ ಇಬ್ಬರೂ ಜೊತೆಯಲ್ಲಿ ಮನೆ ಸುತ್ತಿ, ಮೀಟರ್ ರೀಡಿಂಗ್ ಬರೆದು, ಹಿಡಿದ ಮೊತ್ತಕ್ಕೆ ಕಾರಣ ಬರೆದು ಸಹಿ ಹಾಕಿ, ಹಣ ಬರುತ್ತಿದ್ದಂತೆ ಕೀಲಿ ಕೊಡಿ.

ಮೆಸೇಜು, ಫೋಟೊಗಳನ್ನು ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದರೆ ಅವು ಸಾಕ್ಷ್ಯ. ಫೋನ್ ಬದಲಿಸುವಾಗಲೂ ಮೂಲ ಉಳಿಯುವಂತೆ ನೋಡಿಕೊಳ್ಳಿ.

ಇಷ್ಟಾದರೂ ಬಗೆಹರಿಯದಿದ್ದರೆ ದಾವೆಗೆ ಮುನ್ನ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿದೆ. ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ ಇವೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಸಹಾಯವಾಣಿ 15100. ವ್ಯಾಜ್ಯಪೂರ್ವ ಹಂತದಲ್ಲೇ ಅರ್ಜಿ ಕೊಟ್ಟು ಎದುರಿನವರನ್ನು ಕರೆಸಿ ರಾಜಿ ಮಾಡಿಸಲು ಕೇಳಬಹುದು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಎದುರಿನವರು ಒಪ್ಪದೆ ರಾಜಿ ಹೇರಲು ಬರುವುದಿಲ್ಲ ಎಂಬುದು ಇದರ ಮಿತಿ. ಆದರೆ ಲೋಕ ಅದಾಲತ್‌ನಲ್ಲಿ ಒಮ್ಮೆ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ.

ಹೋಗುವಾಗ ಕರಾರು, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ನೋಟಿಸುಗಳು, ರಿಪೇರಿ ಬಿಲ್ಲುಗಳು, ತಾರೀಖಿನ ಕ್ರಮದಲ್ಲಿ ಜೋಡಿಸಿದ ಫೋಟೊಗಳ ಪ್ರಿಂಟು ಒಯ್ಯಿರಿ. ರಾಜಿ ಪತ್ರದಲ್ಲಿ ‘ಶೀಘ್ರದಲ್ಲೇ’ ಎಂಬ ಪದಕ್ಕೆ ಒಪ್ಪಬೇಡಿ. ಯಾವ ಕೆಲಸ, ಯಾವ ತಾರೀಖಿನೊಳಗೆ, ಯಾರ ಖರ್ಚಿನಲ್ಲಿ, ಬಾಕಿ ಎಷ್ಟು ಕಂತಿನಲ್ಲಿ, ತಪ್ಪಿದರೆ ಏನು ಎಂಬುದನ್ನು ಒಂದೊಂದಾಗಿ ಬರೆಸಿ, ಎರಡು ಕಡೆಯವರೂ ಓದಿ ಸಹಿ ಹಾಕಿ, ಪ್ರತಿಯನ್ನು ಅಲ್ಲೇ ಕೇಳಿ ಪಡೆಯಿರಿ.